ಮಳೆಗೊಂದು ಚಾವಣಿ

ವೆಲ್ಡಿಂಗ್ ಕಲಿತ ಮಾರನೇ ದಿನವೇ ಶಿಲ್ಪಿಗಳಾಗಬೇಕೆಂದು ಹೊರಟವರು ಈಗ ಸಾಗರದ ಸುತ್ತಮುತ್ತ ಐದಾರು ಮಂದಿ ಇದ್ದಾರೆ. ಪಾಪ, ಒಳ್ಳೆಯ ಮಕ್ಕಳು. ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಆಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: “ಅಂಕಲ್, ನಿಮಗೆ ಸ್ಫೂರ್ತಿ ಎಲ್ಲಿಂದ ಬರ್ತಿತ್ತು?”

ಭದ್ರಾವತಿಯ ಗುಜರಿಯಿಂದ. ಮಿನಿ ಲಾರಿಯಲ್ಲಿ ಬರುತ್ತಿತ್ತು. ಮಳೆಗಾಲದಲ್ಲಿ ಎರಡು ದಿನ ತಡವಾಗಿ ಬರುತ್ತಿತ್ತು.

ಗಾಳಿ, ಮಳೆ, ಬೆಂಕಿ, ಹೊಳೆ ಇವನ್ನೆಲ್ಲ ತಗಡಿನಲ್ಲಿ ಮಾಡುವುದು ನನ್ನ ಕೆಲಸವಾಗಿತ್ತು. ಇನ್ನು ಕಿಡಿ ನೋಡಿದರೆ ನಮ್ಮ ಆಸ್ಪತ್ರೆಯ ಕಡೆ ತಲೆ ಹಾಕಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರಿಂದ ಈಗ ಕೂತು ಬರೆಯುತ್ತಿದ್ದೇನೆ. ಸನ್ಮಾನ, ಶಾಲು, ಹಣ್ಣಿನ ಬುಟ್ಟಿಗಳ ವಿಚಾರ ಇಲ್ಲಿ ಬರುವುದಿಲ್ಲ. ಹಣ್ಣುಗಳು ಕೊಳೆತು ಹೋದವು, ಶಾಲುಗಳಲ್ಲಿ ಸ್ಕೂಟರ್ ಒರೆಸುತ್ತಿದ್ದೇನೆ. ನಾನು ಬರೆಯಬೇಕೆಂದಿರುವುದು ನನ್ನ ಹೆಸರು ಹೊತ್ತು ನಿಂತಿರುವ ಒಂದೇ ಒಂದು ಶಿಲ್ಪದ ಬಗ್ಗೆ, ಅದನ್ನು ಉಳಿಸಿಕೊಳ್ಳಲು ಪಟ್ಟ ಪಾಡಿನ ಬಗ್ಗೆ. ಅದಕ್ಕೆ ಮೊದಲು ಮರ್ಯಾದೆ ಹೋದ ಒಂದೆರಡು ಪ್ರಸಂಗ ಹೇಳಿಬಿಡುತ್ತೇನೆ. ಕೆಲಸ ಕಲಿಯುವವರಿಗೆ ಅವೇ ಹೆಚ್ಚು ಉಪಯೋಗ.

ನಮ್ಮಜ್ಜ ಗೇಣಿಗೆ ಗದ್ದೆ ಮಾಡಿದವ, ಅಪ್ಪ ಅದೇ ಗದ್ದೆಗೆ ಒಡೆಯನಾದವ, ನಾನು ಅದಕ್ಕೆ ಗೇಟು ಮಾಡಿದವ. ಸಾಗರದಿಂದ ವರದಾಮೂಲಕ್ಕೆ ಹೋಗುವ ದಾರಿಯಲ್ಲಿ ನನ್ನ ಶೆಡ್ ಇತ್ತು. ಅಡಿಕೆ ಬೇಯಿಸುವ ಹಂಡೆಗೆ ತೇಪೆ, ಟ್ರ್ಯಾಕ್ಟರ್ ಟ್ರೈಲರಿಗೆ ತೇಪೆ, ಕಿಟಕಿಗೆ ಗ್ರಿಲ್. ತಾಲ್ಲೂಕಿನಲ್ಲಿ ನನ್ನಷ್ಟು ನೆಟ್ಟಗೆ ಬೆಸುಗೆ ಎಳೆಯುವವರು ಇನ್ನೊಬ್ಬರಿರಲಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಹೇಳಬೇಕಾದವರೆಲ್ಲ ಹೊಟ್ಟೆಕಿಚ್ಚಿನವರು.

ಒಂದು ದಿನ ಶೆಡ್ಡಿಗೆ ಮೂರ್ತಿ ಸಾರ್ ಬಂದರು. ಮೈಸೂರಿನವರು, ಶಿಲ್ಪಕಲೆ ಓದಿದವರು. ಮಳೆಯನ್ನು ಅಭ್ಯಾಸ ಮಾಡಬೇಕೆಂದು ಸಾಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಅದರಿಂದ ತಪ್ಪಿಸಿಕೊಳ್ಳುವುದನ್ನಷ್ಟೇ ನಾವು ತಲೆಮಾರುಗಳಿಂದ ಅಭ್ಯಾಸ ಮಾಡಿದ್ದರಿಂದ ಅವರ ಬಗ್ಗೆ ಪೇಟೆಯಲ್ಲಿ ಮರುಕವಿತ್ತು.

“ತಿಮ್ಮಪ್ಪ, ಲೋಹದ ಒಳಗೆ ಗಾಳಿ ಇರುತ್ತೆ. ನಾವು ಅದನ್ನ ಹೊರಗೆ ತರಬೇಕು,” ಅಂದರು.

“ಒಳಗೆ ಗಾಳಿ ಇದ್ರೆ ಬೆಸುಗೆ ಕೆಟ್ಟಿದೆ ಅಂತ ಅರ್ಥ ಸಾರ್. ಕಿತ್ತು ಮತ್ತೆ ಮಾಡ್ಬೇಕು.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಈತ ದೊಡ್ಡ ತತ್ವಜ್ಞಾನಿ ಎಂದುಕೊಂಡರಂತೆ. ಬೆಸುಗೆಯೊಳಗೆ ಗುಳ್ಳೆ ಸೇರಿದರೆ ಅದು ಪೊಳ್ಳಾಗುತ್ತದೆ ಎಂಬುದು ಗೇಟು ಮಾಡುವ ಯಾವನಿಗಾದರೂ ಗೊತ್ತಿರುವ ಸಂಗತಿ. ನಾನು ತಿದ್ದಲು ಹೋಗಲಿಲ್ಲ. ಸುಮ್ಮನೆ ಬಂದ ಗೌರವವನ್ನು ಯಾಕೆ ಬಿಡಬೇಕು? ಅಂದಿನಿಂದ ಅವರು ಚಿತ್ರ ಬರೆಯುವವರಾದರು, ನಾನು ಮಾಡುವವನಾದೆ. ಕೆಳಗಿನ ಹಿತ್ತಾಳೆ ಫಲಕದಲ್ಲಿ ಅವರ ಹೆಸರು ಇರುತ್ತಿತ್ತು. ಆ ಫಲಕಕ್ಕೆ ಸ್ಕ್ರೂ ಬಿಗಿಯುತ್ತಿದ್ದವನು ನಾನು.

ಮೊದಲ ದೊಡ್ಡ ಕೆಲಸ ಹೊಸನಗರದ ಕಡೆ, ಗುಡ್ಡದ ಮೇಲಿನ ಒಂದು ಹೋಂಸ್ಟೇ ಮುಂದೆ. ಹೆಸರು ‘ಗಾಳಿ’. ಹನ್ನೆರಡು ತಗಡಿನ ರೆಕ್ಕೆಗಳು ಒಂದು ಕಂಬದ ಸುತ್ತ ನಿಧಾನವಾಗಿ ತಿರುಗಬೇಕು. ಆಗ ನಮ್ಮಲ್ಲಿ ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟು ಶಿವಮೊಗ್ಗದಿಂದ ತಗಡು ಕತ್ತರಿಸಿ ತರಿಸುವ ಪದ್ಧತಿ ಇರಲಿಲ್ಲ. ಮೂರ್ತಿ ಸಾರ್ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನಾನು ಹಲಸಿನ ಕೊರಡಿನಲ್ಲಿ ಗುಳಿ ತೋಡಿಕೊಂಡು, ಅದರ ಮೇಲೆ ತಗಡಿಟ್ಟು, ಮರದ ಸುತ್ತಿಗೆಯಲ್ಲಿ ಬಡಿದು ಬಗ್ಗಿಸುತ್ತಿದ್ದೆ. ಈಗಿನ ಯಂತ್ರ ನೂರು ರೆಕ್ಕೆ ಕತ್ತರಿಸಿದರೆ ನೂರೂ ಒಂದೇ ಥರ. ನನ್ನವು ಹನ್ನೆರಡೂ ಹನ್ನೆರಡು ಥರ. ಇದನ್ನು ಕೈಕೆಲಸದ ಸೊಗಸು ಅಂತ ಕರೆಯುತ್ತಾರೆ. ಆಗ ಬೈಯುತ್ತಿದ್ದರು.

ಮಾಡಿದ್ದನ್ನು ಪರೀಕ್ಷೆ ಮಾಡಬೇಕಲ್ಲ. ಶೆಡ್ಡಿನಲ್ಲಿ ಒಂದು ಪೆಡೆಸ್ಟಲ್ ಫ್ಯಾನ್ ಇತ್ತು, ಅದನ್ನು ಮುಂದಿಟ್ಟು ಮೂರನೇ ನಂಬರಿಗೆ ತಿರುಗಿಸಿದೆ. ರೆಕ್ಕೆಗಳು ದೇವಲೋಕದಲ್ಲಿ ತಿರುಗಿದ ಹಾಗೆ ತಿರುಗಿದವು. “ಗ್ಯಾರಂಟಿ ಸಾರ್,” ಅಂದೆ.

ಆಷಾಢದಲ್ಲಿ ಆ ಗುಡ್ಡದ ಮೇಲೆ ಬೀಸುವ ಗಾಳಿಗೆ ಮೂರನೇ ನಂಬರು ಎಂಬುದು ಇರುವುದಿಲ್ಲ. ಒಂದು ರೆಕ್ಕೆ ಕಿತ್ತುಕೊಂಡು ಹಾರಿತು. ಹೋಂಸ್ಟೇಯವರ ಫೋನು ಬಂದು ನಾವು ಹೋಗಿ ಹುಡುಕಿದರೆ, ಗುಡ್ಡದ ಕೆಳಗಿನ ಒಬ್ಬ ರೈತರ ಕೊಟ್ಟಿಗೆಗೆ ಅದು ಆಗಲೇ ಬಾಗಿಲಾಗಿತ್ತು. ಒಳಗಿನಿಂದ ಎಮ್ಮೆ ನಮ್ಮನ್ನು ನೋಡುತ್ತಿತ್ತು.

“ಇದು ನಮ್ಮ ಕಲಾಕೃತಿಯ ಭಾಗ,” ಅಂದರು ಮೂರ್ತಿ ಸಾರ್.

“ಹೌದಾ? ಗಾಳಿ ತಂದ್ಹಾಕ್ತು ಮಾರಾಯ್ರೆ,” ಅಂದರು ರೈತರು. “ಬಾಗ್ಲು ಮುರ್ದು ಎಂಟು ದಿನ ಆಗಿತ್ತು. ಅಳತೆಗೆ ಸರಿಯಾಗಿ ಬಂತು. ನಿಮಗೆ ನಮ್ಮ ಎಮ್ಮೆ ಅಳತೆ ಯಾರು ಕೊಟ್ರು?”

ಮೂರ್ತಿ ಸಾರ್ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಕಾಲು ಗಂಟೆ ಆ ಬಾಗಿಲನ್ನು ನೋಡಿದರು. ನಂತರ ಎದ್ದು, “ಇದು ಇಲ್ಲೇ ಚೆನ್ನಾಗಿದೆ. ಇನ್ನೊಂದು ಮಾಡು,” ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹದಿಮೂರನೇ ರೆಕ್ಕೆ ಮಾಡುವಾಗ ನಾನು ಫ್ಯಾನಿನ ಮುಖಕ್ಕೆ ಗೋಣಿಚೀಲ ಹಾಕಿಟ್ಟಿದ್ದೆ. ನೀವೂ ಹಾಗೇ ಮಾಡಿ. ಯಾವುದನ್ನು ಮಾಡುತ್ತೀರೋ ಅದರ ಹತ್ತಿರವೇ ಹೋಗಿ ಪರೀಕ್ಷೆ ಮಾಡಬೇಕು.

‘ಬೆಂಕಿ’ಯ ಕಥೆ ಬೇರೆ. ಹಿನ್ನೀರಿನಾಚೆ ಒಬ್ಬರ ತೋಟಕ್ಕೆ ಅದನ್ನು ಸಾಗಿಸಬೇಕಿತ್ತು. ಸೇತುವೆ ಇಲ್ಲದ ಕಾಲ, ಸಿಗಂದೂರಿಗೆ ಹೋಗುವ ಲಾಂಚಿನಲ್ಲೇ ಪಿಕಪ್ ಸಮೇತ ಹತ್ತಿದೆವು. ತಾಮ್ರದ ಎಂಟಡಿ ಜ್ವಾಲೆ, ಮೇಲೆ ಬಿಸಿಲು ಬಿದ್ದು ಕಣ್ಣು ಕೋರೈಸುತ್ತಿತ್ತು. ದೇವಸ್ಥಾನಕ್ಕೆ ಹೊರಟ ಒಬ್ಬ ಅಮ್ಮ ಪಿಕಪ್ ಹತ್ತಿರ ಬಂದು ಕೈಮುಗಿದು, “ಯಾವ ಅಮ್ಮನೋರು?” ಅಂತ ಕೇಳಿದರು. ನಾನು ಬಹಳ ಗಂಭೀರವಾಗಿ, “ಇನ್ನೂ ಹೆಸರಿಟ್ಟಿಲ್ಲ ತಾಯಿ,” ಅಂದೆ. ಅಷ್ಟೇ ನಾನು ಮಾಡಿದ ತಪ್ಪು. ಲಾಂಚ್ ಆಚೆ ದಡ ಮುಟ್ಟುವಷ್ಟರಲ್ಲಿ ಬೆಂಕಿಗೆ ಎರಡು ಸೇವಂತಿಗೆ ಹಾರ, ಬುಡಕ್ಕೆಲ್ಲ ಕುಂಕುಮ. ಮುಂದಿನ ಸೀಟಿನಲ್ಲಿ ನಿದ್ದೆ ಹೊಡೆದಿದ್ದ ಮೂರ್ತಿ ಸಾರ್ ಎದ್ದು ಬಂದು ನೋಡಿ, “ಜನ ನಮ್ಮ ಕೆಲಸಕ್ಕೆ ಎಷ್ಟು ಬೇಗ ಸ್ಪಂದಿಸ್ತಾರೆ ನೋಡು ತಿಮ್ಮಪ್ಪ,” ಅಂದರು. ಹೌದು ಸಾರ್ ಅಂದೆ. ತಾಮ್ರದಿಂದ ಆ ಕುಂಕುಮ ತಿಕ್ಕಿ ತೆಗೆಯಲು ನನಗೆ ಇಡೀ ಮಧ್ಯಾಹ್ನ ಬೇಕಾಯಿತು. ಕೀಟಲೆಗೆ ಕೂಲಿ ಯಾವಾಗಲೂ ಸ್ಥಳದಲ್ಲೇ ಸಿಗುತ್ತದೆ.

ಹೀಗೆ ವರ್ಷಗಳು ಹೋದವು. ಮೂರ್ತಿ ಸಾರ್ ಅವರ ಮಂಡಿ ಕೈಕೊಟ್ಟಿತು. ಮೈಸೂರಿಗೆ ವಾಪಸು ಹೊರಟರು. ಅದೇ ಹೊತ್ತಿಗೆ ತೀರ್ಥಹಳ್ಳಿಯ ಒಂದು ಕಾಲೇಜಿನವರು ಒಳಾಂಗಳದಲ್ಲಿ ನಿಲ್ಲಿಸಲು ಮಳೆಯ ಮೇಲೊಂದು ಶಿಲ್ಪ ಬೇಕು ಅಂತ ಕೇಳಿದ್ದರು. ಸಾರ್ ಕಾಲೇಜಿನ ಕಾಗದವನ್ನು ನನ್ನ ಕೈಗೆ ಕೊಟ್ಟರು.

“ಇದನ್ನ ನೀನೇ ಮಾಡು. ಚಿತ್ರನೂ ನಿಂದೇ, ಹೆಸರೂ ನಿಂದೇ.”

“ಇಷ್ಟು ವರ್ಷ ಮಾಡಿದ್ದು ಯಾರು ಅಂತ ತಿಳ್ಕೊಂಡಿದ್ರಿ ಸಾರ್?” ಅಂದೆ. ಇಬ್ಬರೂ ನಕ್ಕೆವು. ಅವತ್ತು ರಾತ್ರಿ ಶೆಡ್ಡಿನ ನೆಲ ಗುಡಿಸುವಾಗ ಅವರ ಸೀಮೆಸುಣ್ಣದ ಗೆರೆಗಳನ್ನು ಬಿಟ್ಟು ಗುಡಿಸಿದೆ. ಇದನ್ನು ಯಾರಿಗೂ ಹೇಳಿಲ್ಲ.

ಕಾಲೇಜಿನವರ ಷರತ್ತು ಸ್ಪಷ್ಟವಾಗಿತ್ತು. ಶಿಲ್ಪವನ್ನು ಬೇಸಿಗೆಯಲ್ಲಿ ನಿಲ್ಲಿಸಬೇಕು. ಮಳೆಗಾಲದಲ್ಲಿ ಸಮಿತಿಯವರು ಬಂದು ನೋಡುತ್ತಾರೆ. ಒಪ್ಪಿದರೆ ಅದು ಅಲ್ಲೇ ಇರುತ್ತದೆ, ನನ್ನ ಹೆಸರಿನ ಫಲಕ ಹಾಕಬಹುದು. ಒಪ್ಪದಿದ್ದರೆ ಬಿಚ್ಚಿ ವಾಪಸು ತರಬೇಕು. ನಾನು ಶಿಲ್ಪಕ್ಕೆ ಮೊದಲು ಫಲಕ ಮಾಡಿದೆ. ನನ್ನ ಹೆಸರು ಹಿತ್ತಾಳೆಯಲ್ಲಿ ಬಹಳ ಚೆನ್ನಾಗಿ ಕೂರುತ್ತದೆ. ಅಷ್ಟು ವರ್ಷ ಯಾರಿಗೂ ಇದು ಹೊಳೆದಿರಲಿಲ್ಲ.

ಇನ್ನು ಮಳೆ. ಅದನ್ನು ನೋಡುವ ಹಾಗೆ ಮಾಡಿದರೆ ಎಲ್ಲರೂ ಮಾಡುವಂಥದ್ದೇ ಆಗುತ್ತದೆ, ನಾಲ್ಕು ಸರಳು ಓರೆಯಾಗಿ ಬೆಸೆದರೆ ಮುಗಿಯಿತು. ನನ್ನದು ಕೇಳಬೇಕು ಅಂತ ತೀರ್ಮಾನಿಸಿದೆ. ಬೇಸಿಗೆಗೆ ಮುಂಚಿನ ಮಳೆಗಾಲವಿಡೀ ಶೆಡ್ಡಿನ ಮುಂದೆ ಬೇರೆ ಬೇರೆ ದಪ್ಪದ ತಗಡು ಹರಡಿ, ಕೊಡೆ ಹಿಡಿದು ಕುಕ್ಕರುಗಾಲಲ್ಲಿ ಕೂತು ಕೇಳಿದೆ. ದಾರಿಯಲ್ಲಿ ಹೋಗುವವರು ನಮ್ಮ ಮನೆಗೆ ಫೋನು ಮಾಡಿ ವಿಚಾರಿಸಿದರು. ತೆಳು ತಾಮ್ರ ಜಿಟಿಜಿಟಿ ಮಳೆಗೂ ಮಾತಾಡುತ್ತದೆ. ಸ್ಟೀಲಿಗೆ ಸ್ವಲ್ಪ ಜೋರು ಬೇಕು. ದಪ್ಪ ಕಬ್ಬಿಣಕ್ಕೆ ಹನಿಯಿಂದ ಏನೂ ಆಗುವುದಿಲ್ಲ, ಅದಕ್ಕೆ ಪೆಟ್ಟೇ ಬೇಕು. ಹಾಗಾಗಿ ಸೌಟಿನಂಥ ಬಟ್ಟಲುಗಳನ್ನು ಮಾಡಿದೆ. ಮಳೆ ಜೋರಾದರೆ ಅವು ತುಂಬಿ, ಬಾಗಿ, ಕೆಳಗಿನ ಕಬ್ಬಿಣಕ್ಕೆ ಬಡಿದು, ಖಾಲಿಯಾಗಿ ಮತ್ತೆ ಮೇಲೇಳುತ್ತವೆ. ಎಲ್ಲ ಸೇರಿ ಹದಿನೆಂಟು ತುಂಡು, ಬಗ್ಗಿದ ಪೈಪುಗಳ ಮೇಲೆ. ಅತ್ಯುತ್ತಮ ದನಿ ಬಂದದ್ದು ನನ್ನ ಹೆಂಡತಿಯ ತಾಮ್ರದ ತಪ್ಪಲೆಯ ಮುಚ್ಚಳದಿಂದ. ಅದು ಹೇಗೆ ಶಿಲ್ಪ ಸೇರಿತು ಎಂಬ ಬಗ್ಗೆ ಮನೆಯಲ್ಲಿ ಇನ್ನೂ ವಿಚಾರಣೆ ನಡೆಯುತ್ತಿದೆ.

ಬೇಸಿಗೆಯಲ್ಲಿ ಹೋಗಿ ನಿಲ್ಲಿಸಿ ಬಂದೆ. ಆಷಾಢದಲ್ಲಿ ಸಮಿತಿ ಬರುವ ದಿನ ಹೊಸನಗರದ ಮೇಲೆ ಹೋಗುವ ಬಸ್ಸು ಹತ್ತಿ, ಫಲಕವನ್ನು ಚೀಲದಲ್ಲಿಟ್ಟುಕೊಂಡು ತೀರ್ಥಹಳ್ಳಿಯಲ್ಲಿ ಇಳಿದೆ. ಮಳೆ ಚೆನ್ನಾಗಿ ಹಿಡಿದಿತ್ತು. ಖುಷಿಯಿಂದ ಕಾಲೇಜಿನ ಒಳಾಂಗಳಕ್ಕೆ ಕಾಲಿಟ್ಟರೆ ಅಲ್ಲಿ ಶಿಲ್ಪ ಇಲ್ಲ. ಅದರ ಜಾಗದಲ್ಲಿ ಒಂದು ಗುಡಿಸಲು ಇತ್ತು.

ಕೆಳಗೆ ನೀಲಿ ಟಾರ್ಪಾಲು, ಅದರ ಮೇಲೆ ಒತ್ತೊತ್ತಾಗಿ ಅಡಿಕೆ ಸೋಗೆ, ಸುತ್ತ ತೆಂಗಿನ ಹುರಿ. ಇರುವೆ ನುಗ್ಗಲೂ ಸಂದಿಲ್ಲ.

ಇದು ಗಿರಿಜಕ್ಕನ ಕೆಲಸ. ಗಿರಿಜಕ್ಕ ಆ ಕಾಲೇಜಿನ ಅಟೆಂಡರು. ಗಂಟೆ ಹೊಡೆಯುವುದು, ಮಳೆಗಾಲಕ್ಕೆ ಕಾಲೇಜನ್ನು ಸಜ್ಜುಮಾಡುವುದು ಎರಡೂ ಅವಳದೇ. ನಮ್ಮ ಕಡೆ ಮಳೆ ಹಿಡಿಯುವ ಮೊದಲು ಹೊರಗಿರುವುದನ್ನೆಲ್ಲ ಮುಚ್ಚಬೇಕು ಅಂತ ಯಾರಿಗೂ ಕಲಿಸಬೇಕಾಗಿಲ್ಲ. ಸೌದೆ, ಪಂಪು, ಇರಚಲು ಹೊಡೆಯುವ ಗೋಡೆ, ನೋಟೀಸ್ ಬೋರ್ಡು. ಆ ವರ್ಷ ಒಂದು ಹೊಸ ಸಾಮಾನು ಹೆಚ್ಚಾಗಿತ್ತು, ಅದನ್ನೂ ಮುಚ್ಚಿದ್ದಳು.

“ಎಂತ ಮಾಡಿದ್ಯೆ ಗಿರಿಜಕ್ಕ ಇದು?”

“ಮತ್ತೆಂತ ಮಾಡೂದು ತಿಮ್ಮಣ್ಣ? ಅಷ್ಟು ಚಂದ ತಾಮ್ರ ಗೀಮ್ರ ಹಾಕಿ ಮಾಡಿದೀರಿ, ನೆಂದು ಹಾಳಾಗ್ತದಲ್ಲ. ನೀವು ಗಂಡಸ್ರು ನಿಲ್ಸಿ ಹೋಗ್ತೀರಿ. ಒಂದು ಹನಿ ಬಿದ್ದಿಲ್ಲ ನೋಡಿ ಬೇಕಾದ್ರೆ.”

ನಾನು ಹಗ್ಗಕ್ಕೆ ಕೈಹಾಕುವಷ್ಟರಲ್ಲಿ ಸಮಿತಿಯ ಮೂವರು ಕೊಡೆ ಹಿಡಿದು ಬಂದೇಬಿಟ್ಟರು. ಅಧ್ಯಕ್ಷರು ದೊಡ್ಡ ಮನುಷ್ಯರು, ಕಲೆಯ ಬಗ್ಗೆ ಭಾಷಣ ಮಾಡಬಲ್ಲವರು. ಗುಡಿಸಲಿನ ಸುತ್ತ ಒಂದು ಸುತ್ತು ಹಾಕಿದರು. ನಿಂತರು. ತಲೆ ಓರೆ ಮಾಡಿದರು.

“ಬಹಳ ಚೆನ್ನಾಗಿದೆ,” ಅಂದರು. “ಮಳೆಯನ್ನ ತೋರಿಸದೇ ಮಳೆಯನ್ನ ಹೇಳಿದೀರಿ. ಸೋಗೆ ಬಳಸಿದ್ದು ಈ ನೆಲದ ಗುಣ. ಆ ನೀಲಿ ಬಣ್ಣ ಆಧುನಿಕತೆಯ ಆಕ್ರಮಣ, ಅಲ್ವಾ?”

ಉಳಿದಿಬ್ಬರು ತಲೆಯಾಡಿಸಿದರು. ಒಬ್ಬರು ಬರೆದುಕೊಂಡರು.

ನನ್ನ ಇಡೀ ಆಯುಸ್ಸಿನಲ್ಲಿ ಇಷ್ಟು ಒಳ್ಳೆಯ ಕೀಟಲೆ ತಾನಾಗಿ ಕಾಲ ಬುಡಕ್ಕೆ ಬಂದು ಬಿದ್ದಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಐದು ನಿಮಿಷದಲ್ಲಿ ಒಪ್ಪಿಗೆ, ಫಲಕ ಗೋಡೆಗೆ. ನಾನು ಮುಚ್ಚಿಕೊಂಡೇ ಇದ್ದೆ. ಅಧ್ಯಕ್ಷರು ಹುರಿಯ ಗಂಟುಗಳ ಬಗ್ಗೆ ಮಾತಾಡಿದರು. ಆ ಗಂಟಿನಲ್ಲಿ ಒಂದು ಕಾಣದ ಆತಂಕವಿದೆಯಂತೆ. ನನಗೆ ನಗು ಬರಬೇಕಿತ್ತು. ಬದಲಿಗೆ ಸಿಟ್ಟು ಬಂತು. ಒಂದು ಮಳೆಗಾಲ ಕುಕ್ಕರುಗಾಲಲ್ಲಿ ಕೂತು ಕೇಳಿ ಮಾಡಿದ್ದು ಒಳಗೆ ಒಣಗಿಕೊಂಡು ಸುಮ್ಮನೆ ಇದೆ, ಹೊಗಳಿಕೆ ಟಾರ್ಪಾಲಿಗೆ ಹೋಗುತ್ತಿದೆ.

“ಅದು ನಂದಲ್ಲ ಸಾರ್,” ಅಂದೆ. “ಗಿರಿಜಕ್ಕಂದು. ನಂದು ಒಳಗಿದೆ.”

ಅಧ್ಯಕ್ಷರ ಮುಖ ಹೇಗಾಯಿತು ಅಂತ ಬರೆಯುವುದಿಲ್ಲ. ಅವರು ಈಗಲೂ ಇದ್ದಾರೆ, ಓದುವ ಅಭ್ಯಾಸವೂ ಇದೆ.

ಗಿರಿಜಕ್ಕನ ಗಂಟು ಬಿಚ್ಚಲು ನಾನು, ಅವಳು, ಬರೆದುಕೊಳ್ಳುತ್ತಿದ್ದವರು ಮೂವರೂ ಸೇರಬೇಕಾಯಿತು. “ಬಿಚ್ಚೂದಿದ್ರೆ ಹೇಳ್ಬೇಕಿತ್ತು, ಸಡಿಲ ಕಟ್ತಿದ್ದೆ,” ಅಂತ ಅವಳು ಗೊಣಗುತ್ತಲೇ ಇದ್ದಳು. ಸೋಗೆ ಜಾರಿತು, ಟಾರ್ಪಾಲು ಜಾರಿತು. ಅದೇ ಕ್ಷಣಕ್ಕೆ ಮಳೆ ಸಣ್ಣಗಾಯಿತು. ಮೂರು ದಿನದಿಂದ ಬಿಡದೆ ಹೊಯ್ದ ಮಳೆ. ಅದಕ್ಕೂ ನನ್ನ ಜೊತೆ ಕೀಟಲೆ.

ಬರೀ ತಾಮ್ರ ಮಾತಾಡಿತು. ಟಿಣ್ಣ್, ಆಮೇಲೆ ಏನೂ ಇಲ್ಲ, ಆಮೇಲೆ ಎರಡು ಸಲ. ನನ್ನ ಹೆಂಡತಿಯ ಮುಚ್ಚಳ ಒಂದೇ ಸಲ. ಅಧ್ಯಕ್ಷರು ವಾಚು ನೋಡಿಕೊಂಡರು. ಅಷ್ಟರಲ್ಲಿ ತುಂಗೆಯ ಕಡೆಯಿಂದ ಭರ್ ಎಂದು ಬಂತು ನೋಡಿ. ಸ್ಟೀಲು ಶುರುವಾಯಿತು, ಬಟ್ಟಲುಗಳು ಒಂದೊಂದಾಗಿ ಬಾಗಿ ಕಬ್ಬಿಣ ಬಡಿದವು, ಕಾಲ ಕೆಳಗಿನ ಕಲ್ಲು ಅದುರಿತು. ತರಗತಿಗಳ ಕಿಟಕಿಯಲ್ಲಿ ಮುಖಗಳು ತುಂಬಿದವು. ಸ್ವಲ್ಪ ಹೊತ್ತಾದ ಮೇಲೆ ಅಧ್ಯಕ್ಷರು ಕೊಡೆ ಮಡಿಚಿದರು. ಕೊಡೆಯ ಸದ್ದಿನಲ್ಲಿ ಸರಿಯಾಗಿ ಕೇಳುತ್ತಿರಲಿಲ್ಲ ಅಂತ ಆಮೇಲೆ ಹೇಳಿದರು. ಪೂರಾ ನೆನೆದು ನಿಂತಿದ್ದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಸಂಜೆಯ ಹೊತ್ತಿಗೆ ಮತ್ತೆ ಏರಬೇಕಾಯಿತು.

ಏಕೆಂದರೆ ಸಂಜೆ ಸಮಿತಿಯ ತೀರ್ಮಾನ ಕೈಗೆ ಬಂತು. ಕಲಾಕೃತಿಯನ್ನು ಸರ್ವಾನುಮತದಿಂದ ಒಪ್ಪಲಾಗಿದೆ. ಶಿಲ್ಪಿಯ ಹೆಸರಿನ ಫಲಕ ಹಾಕತಕ್ಕದ್ದು. ಕಲಾಕೃತಿ ಅಮೂಲ್ಯವಾಗಿರುವುದರಿಂದ, ಅದು ಮಳೆಯಲ್ಲಿ ನೆನೆದು ಹಾಳಾಗದಂತೆ ಮೇಲ್ಗಡೆ ಶಾಶ್ವತವಾದ ಶೀಟಿನ ಚಾವಣಿ ಹಾಕಿಸತಕ್ಕದ್ದು.

ನಾನು ಎರಡು ಸಲ ಓದಿದೆ. ಗಿರಿಜಕ್ಕನಿಗೆ ಓದಿ ಹೇಳಿದೆ. “ನೋಡಿ, ನಾ ಹೇಳಿದ್ದೇ ಅಲ್ಲನಾ,” ಅಂದಳು.

ಅಧ್ಯಕ್ಷರ ಹತ್ತಿರ ಹೋಗಿ, ಸಾರ್, ಮಳೆ ಬೀಳದಿದ್ದರೆ ಅದು ಹದಿನೆಂಟು ತಗಡು ಅಷ್ಟೇ ಅಂದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮ ವಿನಯ ನನಗೆ ಅರ್ಥ ಆಗುತ್ತೆ. ಆದರೆ ಮುಂದಿನ ಪೀಳಿಗೆಗೂ ಇದು ಉಳೀಬೇಕಲ್ಲ,” ಅಂದರು. ನನ್ನ ಮೇಲೆ ವಿನಯದ ಆರೋಪ ಬಂದದ್ದು ಜೀವನದಲ್ಲಿ ಅದೊಂದೇ ಸಲ.

ಮೈಸೂರಿಗೆ ಫೋನು ಹಚ್ಚಿದೆ. ಫಲಕ ಬೇಡ, ಶಿಲ್ಪ ಬಿಚ್ಚಿಕೊಂಡು ಹೋಗುತ್ತೇನೆ ಅಂತ ಹಾರಾಡಿದೆ. ಮೂರ್ತಿ ಸಾರ್ ಎಲ್ಲ ಕೇಳಿದರು.

“ಚಾವಣಿ ಯಾರು ಹಾಕ್ತಾರಂತೆ?”

“ನಂಗೇ ಹೇಳಿದಾರೆ ಸಾರ್. ಬೇಸಿಗೇಲಿ ಹಾಕ್ಕೊಡ್ಬೇಕಂತೆ.”

“ಹಾಗಿದ್ರೆ ನನ್ನನ್ನೇನು ಕೇಳ್ತೀಯ?” ಅಂದು ಫೋನಿಟ್ಟರು.

ಚಾವಣಿ ಮಾಡುವಾಗ ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಕೊಡುತ್ತಾರೆ. ನಾನು ಒಳಗೆ ಹರಿಯುವ ಹಾಗೆ ಕೊಟ್ಟೆ, ನಾಲ್ಕೂ ಕಡೆಯಿಂದ ನಡುವಿಗೆ. ನಡುವಿನ ತಗಡಿನಲ್ಲಿ, ಕೆಳಗಿನ ಒಂದೊಂದು ತುಂಡಿನ ನೆತ್ತಿಗೆ ಸರಿಯಾಗಿ ತೂಗುಗುಂಡು ಬಿಟ್ಟು ಒಂದೊಂದು ತೂತು ಕೊರೆದೆ. ತಾಮ್ರಕ್ಕೆ ಸೂಜಿಮೊನೆಯಷ್ಟು, ಸ್ಟೀಲಿಗೆ ಮೊಳೆಯಷ್ಟು, ಬಟ್ಟಲುಗಳಿಗೆ ಹೆಬ್ಬೆರಳಿನಷ್ಟು. ಪ್ರತಿ ತೂತಿನ ಕೆಳಗೂ, ನೀರು ಇಳಿಯಲು ಎಷ್ಟು ಬೇಕೋ ಅಷ್ಟೇ ಸಂದು ಬಿಟ್ಟು, ಒಂದು ಪಟ್ಟಿಯನ್ನು ಮರೆಯಾಗಿ ಬೆಸೆದೆ. ಕೆಳಗೆ ನಿಂತವರಿಗೆ ತೂತೂ ಕಾಣದು, ಬೆಳಕೂ ಕಾಣದು. ಮಾರ್ಚ್ ತಿಂಗಳ ಬಿಸಿಲಲ್ಲಿ ಅಧ್ಯಕ್ಷರು ಬಂದು ನೋಡಿ ಕಂಬವನ್ನು ಎರಡು ಸಲ ತಟ್ಟಿ, “ಗಟ್ಟಿಯಾಗಿದೆ,” ಅಂದರು. ನನ್ನ ಕೆಲಸ ಯಾವಾಗಲೂ ಗಟ್ಟಿ. ಫಲಕವನ್ನೂ ಅವತ್ತೇ ಹಾಕಿದೆ, ನಾಲ್ಕು ಸ್ಕ್ರೂ.

ಮಳೆ ಹಿಡಿದ ವಾರ ಗಿರಿಜಕ್ಕನ ಫೋನು ಬಂತು.

“ತಿಮ್ಮಣ್ಣ, ಶೀಟು ಸೋರ್ತದಲ್ಲ ಮಾರಾಯ್ರೆ.”

“ಹೌದಾ? ಎಷ್ಟು ಕಡೆ?”

“ಎಷ್ಟೋ ಕಡೆ. ಸಾಮಾನೆಲ್ಲ ನೆಂದು ಒಂದೇ ಸಮ ಬಡ್ಕೊಳ್ತಿದಾವೆ.”

“ಸರಿಯಾಗಿ ಎಣ್ಸಿ ಹೇಳಕ್ಕ. ರಿಪೇರಿಗೆ ಬೇಕು.”

ಫೋನನ್ನು ಹಿಡಿದುಕೊಂಡೇ ಎಣಿಸಲು ಹೋದಳು. ಹಿಂದಿನಿಂದ ನನಗೆ ಎಲ್ಲ ಕೇಳುತ್ತಿತ್ತು. “ಹದಿನೇಳು,” ಅಂದಳು. ನಾನು ಮಾರನೇ ದಿನ ಮೊದಲ ಬಸ್ಸಿಗೆ ಹೋಗಿ, ಏಣಿ ಹಾಕಿ ಹತ್ತಿ, ಎಲೆ ಸಿಕ್ಕಿ ಕಟ್ಟಿಕೊಂಡಿದ್ದ ಒಂದು ತೂತನ್ನು ಸೈಕಲ್ ಕಡ್ಡಿಯಿಂದ ಬಿಡಿಸಿ ಬಂದೆ.

ಆ ಚಾವಣಿಯಿಂದ ಒಂದು ಉಪಕಾರವಾಯಿತು, ಅದನ್ನು ನಾನು ಯೋಚಿಸಿರಲಿಲ್ಲ. ಕಾಡಿನಲ್ಲಿ ಮಳೆ ನಿಂತ ಮೇಲೂ ಮರದ ಕೆಳಗೆ ನಿಲ್ಲುವುದಿಲ್ಲ, ಎಲೆಯಿಂದ ಎಲೆಗೆ ಇಳಿಯುತ್ತಲೇ ಇರುತ್ತದೆ. ಇಲ್ಲೂ ಹಾಗೇ ಆಗಿದೆ. ಹೊರಗೆ ಬಿಸಿಲು ಬಿದ್ದು ಅರ್ಧ ಗಂಟೆಯಾದರೂ ತಾಮ್ರಕ್ಕೆ ಕೊನೆಯ ಹನಿಗಳು ಇಳಿಯುತ್ತಿರುತ್ತವೆ. ಬೇಕೆಂದೇ ಮಾಡಿದ್ದು ಅಂತ ಎಲ್ಲರ ಹತ್ತಿರವೂ ಹೇಳಿದ್ದೇನೆ. ನೀವೂ ಹಾಗೇ ತಿಳಿದುಕೊಳ್ಳಿ.

ಈಗ ಪ್ರತಿ ಮಳೆಗಾಲವೂ ಕಾಲೇಜಿನಿಂದ ಕಾಗದ ಬರುತ್ತದೆ. ಚಾವಣಿಯು ಸೋರುತ್ತಿರುವುದರಿಂದ ತುರ್ತಾಗಿ ಬಂದು ಸರಿಪಡಿಸತಕ್ಕದ್ದು. ನಿವೃತ್ತಿಯಾದ ಮೇಲೆ ನಾನು ಒಪ್ಪಿಕೊಂಡಿರುವುದು ಈ ಒಂದೇ ಕೆಲಸ. ಸೈಕಲ್ ಕಡ್ಡಿ ಹಿಡಿದು ಹೋಗುತ್ತೇನೆ. ಇದನ್ನು ಓದಿ ಅಧ್ಯಕ್ಷರು ಸಿಟ್ಟಾಗಿ ಚಾವಣಿಯನ್ನೇ ಕಿತ್ತುಹಾಕಿಸಿದರೂ ಚಿಂತೆಯಿಲ್ಲ, ಶಿಲ್ಪಕ್ಕೆ ಬೇಕಿದ್ದದ್ದೂ ಅದೇ.

ಹೋದ ಮಳೆಗಾಲ ಹೋದಾಗಲೂ ಗಿರಿಜಕ್ಕ ಏಣಿ ಹಿಡಿದುಕೊಂಡಿದ್ದಳು. ನಾನು ಮೇಲೆ ಕೂತು ತೂತುಗಳನ್ನು ಒಂದೊಂದಾಗಿ ಬಿಡಿಸುತ್ತ, ಶೀಟಿನ ಗುಣಮಟ್ಟ ಈಗೀಗ ಹಾಳಾಗಿದೆ, ಎಷ್ಟು ರಿಪೇರಿ ಮಾಡಿದರೂ ಸೋರುತ್ತದೆ ಅಂತ ಅವಳಿಗೆ ಕೇಳುವ ಹಾಗೆ ಬೈಯುತ್ತಿದ್ದೆ. ಅವಳು ತಲೆಯೆತ್ತಿ ಹನಿ ಬೀಳುವುದನ್ನೇ ನೋಡುತ್ತಿದ್ದಳು.

“ತಿಮ್ಮಣ್ಣ,” ಅಂದಳು ಕೆಳಗಿನಿಂದ. “ಆ ಮೂಲೇದು ಸಾಲೂದಿಲ್ಲ. ಬಟ್ಲು ತುಂಬಕ್ಕೆ ಭಾಳ ಹೊತ್ತು ಹಿಡೀತದೆ. ಸ್ವಲ್ಪ ದೊಡ್ಡ ಮಾಡಿ.”